ಮಧ್ಯಾಹ್ನದ ನಿದ್ದೆ ಕಾಯುತ್ತಿದ್ದವರು

ಮಾರ್ಚ್ ಕೊನೆಯಲ್ಲಿ ನನ್ನ ಮಗಳ ಶಾಲೆಯ ಆಯಾ ಕೆಲಸದಿಂದ ನಿವೃತ್ತರಾದರು. ಬೀಳ್ಕೊಡುಗೆಗೆ ನಮ್ಮಂಥ ಕೆಲವು ತಾಯಂದಿರನ್ನೂ ಕರೆದಿದ್ದರು. ಹುಣಸೂರಿನ ಬಿಸಿಲು, ತಗಡಿನ ಚಾವಣಿ, ಇಡೀ ಹಾಲಿಗೆ ಎರಡೇ ಫ್ಯಾನು. ಹೊಸ ಸೀರೆಯುಟ್ಟು, ಮಡಿಲಲ್ಲಿ ಹಣ್ಣಿನ ಬುಟ್ಟಿ ಇಟ್ಟುಕೊಂಡು ವೇದಿಕೆಯ ಮೇಲೆ ಕೂತಿದ್ದ ಆಯಾ ಮೂರನೆಯ ಭಾಷಣದ ಹೊತ್ತಿಗೆ ನಿದ್ದೆ ಹೋದರು. ತಲೆ ಮೆಲ್ಲಗೆ ಎದೆಗೆ ಬಾಗಿತು. ಬುಟ್ಟಿಯಿಂದ ಒಂದು ಮೂಸಂಬಿ ಉರುಳಿ ವೇದಿಕೆಯ ಅಂಚಿಗೆ ಬಂದು ನಿಂತಿತು. ಮಾತಾಡುತ್ತಿದ್ದ ಹೆಡ್ ಮಿಸ್ಸು ಅದನ್ನು ನೋಡಿದರು, ದನಿ ತಗ್ಗಿಸಿದರು, ಉಳಿದ ಎರಡು ಹಾಳೆ ಮಡಚಿ ಜೇಬಿಲ್ಲದ ಸೀರೆಯಲ್ಲಿ ಎಲ್ಲಿಡುವುದೆಂದು ತಿಳಿಯದೆ ಕೈಯಲ್ಲೇ ಹಿಡಿದು ಕೂತರು. ಯಾರೂ ಎಬ್ಬಿಸಲಿಲ್ಲ.

ಆಗ ಗಂಟೆ ಎರಡು. ಅಷ್ಟು ವರ್ಷ ಆ ಹೊತ್ತಿನಲ್ಲಿ ಬೇರೆಯವರ ಮಕ್ಕಳ ನಿದ್ದೆ ಕಾದವರು ತಮ್ಮ ಪಾಲಿನದನ್ನು ಅವತ್ತು ತೆಗೆದುಕೊಂಡರು ಅಂತ ನನಗನ್ನಿಸಿತು.

ಹೆಸರು ಬರೆಯಬಾರದೆಂಬುದು ಅವರದೇ ಆಜ್ಞೆ. "ಬರ್ಕಳಿ ಕಣವ್ವ, ಬ್ಯಾಡ ಅನ್ನಕಿಲ್ಲ. ನನ್ ಎಸ್ರು ಮಾತ್ರ ಆಕ್ಬ್ಯಾಡಿ. ನಮ್ಮೂರ್ನೋರು ಓದುದ್ರೆ ಇವ್ಳಿಗೆ ಮಾಡಾಕ್ ಬ್ಯಾರೆ ಕೆಲ್ಸಿಲ್ವಾ ಅಂತಾರೆ," ಎಂದರು. ಹಾಗಾಗಿ ಇಲ್ಲಿಯೂ ಅವರು ಆಯಾ. ಶಾಲೆಯಲ್ಲಿ ಮಕ್ಕಳಿಗೆ, ಮಿಸ್ಸುಗಳಿಗೆ, ವ್ಯಾನ್ ಡ್ರೈವರಿಗೆ, ಎಲ್ಲರಿಗೂ ಅವರು ಆಯಾ ಆಗಿಯೇ ಇದ್ದರು.

ಅವರ ಕೆಲಸ ಎಲ್‌ಕೆಜಿ, ಯುಕೆಜಿ ಮಕ್ಕಳದ್ದು. ಬೆಳಿಗ್ಗೆ ಶೂ ಲೇಸು, ಮೂಗು, ಚಡ್ಡಿ ಇತ್ಯಾದಿ. ಆದರೆ ಅವರ ನಿಜವಾದ ಆಳ್ವಿಕೆ ಶುರುವಾಗುತ್ತಿದ್ದದ್ದು ಒಂದೂವರೆಗೆ, ಮಕ್ಕಳು ಊಟದ ಡಬ್ಬಿ ಮುಚ್ಚಿ ಚಾಪೆ ಹಾಸಿದ ಮೇಲೆ. ಮೂರರವರೆಗೆ ಆ ಕೋಣೆ ಅವರದು. ಚಪ್ಪಲಿ ಹೊಸಿಲಾಚೆ. ಎರಡೂ ಕೈಯ ಗಾಜಿನ ಬಳೆಗಳನ್ನು ಮೊಣಕೈವರೆಗೆ ದೂಡಿ, ಕರ್ಚೀಫು ಸುತ್ತಿ ಗಂಟು ಹಾಕುತ್ತಿದ್ದರು, ಸದ್ದಾಗಬಾರದೆಂದು. ಒಮ್ಮೆ ಮೇಲಿನ ಅಧಿಕಾರಿಯೊಬ್ಬರು ತಪಾಸಣೆಗೆ ಬಂದು ನೇರ ಒಳಗೆ ಕಾಲಿಟ್ಟರಂತೆ. ಆಯಾ ಅಡ್ಡ ನಿಂತು, "ಸಾರ್, ಬೂಟು," ಎಂದರಂತೆ, ಅಷ್ಟೇ. ಸಾಹೇಬರು ಒಂಟಿಕಾಲಲ್ಲಿ ನಿಂತು ಲೇಸು ಬಿಚ್ಚಿದ ಕತೆಯನ್ನು ವ್ಯಾನ್ ಡ್ರೈವರು ಪ್ರತಿವರ್ಷ ಹೊಸ ತಾಯಂದಿರಿಗೆ ಹೇಳುತ್ತಿದ್ದ.

ಕಳ್ಳನಿದ್ದೆ ಮಾಡುವವರಿಗೆ ಅವರ ಬಳಿ ಬೇರೆ ಉಪಾಯವಿತ್ತು. ಸಾಲಿನ ನಡುವೆ ನಿಂತು, ತಮಗೆ ತಾವೇ ಹೇಳಿಕೊಳ್ಳುವಂತೆ, "ನಿಜ್ವಾಗ್ಲೂ ನಿದ್ದೆ ಬಂದೋರ ಎಬ್ಬೆಳ್ಳು ಆಡ್ತದೆ," ಎನ್ನುತ್ತಿದ್ದರು. ತಕ್ಷಣ ನಾಲ್ಕೈದು ಹೆಬ್ಬೆರಳು ಅಲ್ಲಾಡುತ್ತಿದ್ದವು. ಅವರು ಆ ಮಕ್ಕಳ ಹಣೆಗೆ ಒಂದೊಂದು ಸಲ ಕೈಯಿಟ್ಟು ಮುಂದೆ ಹೋಗುತ್ತಿದ್ದರು. ಸಿಕ್ಕಿಬಿದ್ದೆವೆಂದು ಮಕ್ಕಳಿಗೆ ಗೊತ್ತಾಗುತ್ತಿತ್ತು.

ದೇವತೆಯೆಂದು ಬರೆಯಲಾರೆ. ಎಲೆಅಡಿಕೆ ಹಾಕುತ್ತಿದ್ದರು, ಶಾಲೆಯ ನಂದಿಬಟ್ಟಲ ಗಿಡದ ಬುಡಕ್ಕೆ ಉಗುಳಿ ಬೈಸಿಕೊಳ್ಳುತ್ತಿದ್ದರು. ಬಾಳೆಹಣ್ಣು ತಿಂದರೆ ಕಫ, ಮೊಸರು ತಿಂದರೆ ಕಫ, ಸೀಬೆಹಣ್ಣಿನ ಮಾತೇ ಬೇಡ ಅನ್ನುವುದರಲ್ಲಿ ಅವರನ್ನು ಅಲ್ಲಾಡಿಸಲು ಸಾಧ್ಯವಿರಲಿಲ್ಲ. ಟಿಫಿನ್ನಿಗೆ ಮೊಸರನ್ನ ಕಳಿಸಿದ ತಾಯಂದಿರನ್ನು ಗೇಟಿನಲ್ಲಿ ನಿಲ್ಲಿಸಿ ವಿಚಾರಿಸುತ್ತಿದ್ದರು.

ಅವರ ಊರು ಹನಗೋಡಿನ ಕಡೆ. ಮನೆಯಲ್ಲಿ ಹೊಗೆಸೊಪ್ಪಿನ ಬೇಸಾಯ. ಸೊಪ್ಪು ಬೇಯಿಸುವ ಎತ್ತರದ ಮನೆ, ಬ್ಯಾರನ್ ಅಂತ ನಮ್ಮ ಕಡೆ ಎಲ್ಲರೂ ಕರೆಯುವುದು, ಅದರ ಪಕ್ಕದಲ್ಲಿ ಕೂತು ಉರಿ ಕಾಯುವುದು ಚಿಕ್ಕಂದಿನಿಂದ ಅವರ ಪಾಲಿನ ಕೆಲಸವಾಗಿತ್ತು. ಉರಿ ಏರಿದರೂ ಇಳಿದರೂ ಸೊಪ್ಪು ಕೆಡುತ್ತದೆ. ಕಿವಿಯಲ್ಲೇ ತಿಳಿಯಬೇಕಂತೆ. "ಇಂಗೆ ಬುಸುಗುಟ್ಟುದ್ರೆ ಸರಿ. ಇಂಗಂದ್ರೆ ಕೆಟ್ಟೋಯ್ತು ಅಂತ," ಎಂದು ನನಗೆ ಎರಡು ಸಲ ಬುಸುಗುಟ್ಟಿ ತೋರಿಸಿದರು. ನನಗೆ ಎರಡೂ ಒಂದೇ ಆಗಿ ಕೇಳಿಸಿತು. ಅವರಿಗೆ ಮಾತ್ರ ಎರಡರ ನಡುವೆ ಒಂದು ವರ್ಷದ ಬೆಳೆಯಷ್ಟು ದೂರವಿತ್ತು.

ಈಗ ನನ್ನ ಮಗಳ ವಿಷಯ. ಅದಿಲ್ಲದೆ ಈ ಆಯಾ ನನಗೆ ಗೇಟಿನಲ್ಲಿ ನಗುವ ಒಬ್ಬ ಹೆಂಗಸಾಗಿಯೇ ಉಳಿಯುತ್ತಿದ್ದರು.

ನಮ್ಮ ಯಜಮಾನರ ಮನೆತನ ಗಾವಡಗೆರೆಯದು. ಜಮೀನು ಅಲ್ಲಿ, ಗೊಬ್ಬರದ ಅಂಗಡಿ ಮತ್ತು ಮನೆ ಹುಣಸೂರಿನಲ್ಲಿ. ನಾನು ಮದುವೆಯಾಗಿ ಬರುವ ಮೊದಲೇ ಮಾವನವರು ತೀರಿಕೊಂಡಿದ್ದರು. ಹಾಲಿನಲ್ಲಿ ಅವರ ದೊಡ್ಡ ಫೋಟೊ ಇದೆ. ಹಣೆಯಲ್ಲಿ ಮೂರು ಬೆರಳ ವಿಭೂತಿ, ನೀಳ ಮುಖ, ಅರೆ ಮುಚ್ಚಿದ ಕಣ್ಣು, ಗಿಡ್ಡ ಮೇಲ್ದುಟಿ, ಅದರ ಕೆಳಗೆ ಕಾಣುವ ಎರಡು ಹಲ್ಲು. ಅತ್ತೆ ಪ್ರತಿದಿನ ಬೆಳಿಗ್ಗೆ ಅದಕ್ಕೆ ಹೂವಿಟ್ಟು, ಸೆರಗಿನ ತುದಿಯಿಂದ ಗಾಜು ಒರೆಸಿ, ಆಮೇಲೆಯೇ ಕಾಫಿ ಕುಡಿಯುತ್ತಾರೆ.

ನನ್ನ ಮಗಳು ಇಂಚರ ಹುಟ್ಟಿದಾಗ ನನ್ನ ಅಮ್ಮನ ಹಾಗೆ ಗುಂಡುಮುಖ. ಮೂರು ತುಂಬಿದ ಮೇಲೆ ಅದು ಉದ್ದವಾಗತೊಡಗಿತು. ತುಟಿ ಕೂಡುತ್ತಿರಲಿಲ್ಲ. ಕಣ್ಣ ಕೆಳಗೆ ಕಪ್ಪು. ಮುಂದಿನ ಹಲ್ಲು ಹೊರಗೆ. ಅತ್ತೆಗೆ ಸಂಭ್ರಮವೋ ಸಂಭ್ರಮ. ಮನೆಗೆ ಬಂದ ನೆಂಟರೆದುರು ಅವಳನ್ನು ಫೋಟೊದ ಕೆಳಗೆ ನಿಲ್ಲಿಸುತ್ತಿದ್ದರು. "ಅಚ್ಚು ಒತ್ತಿದಂಗೆ ಇಲ್ವಾ ಹೇಳಿ. ಗೊರಕೆನೂ ಅವರದೇ ಕಣ್ರೀ, ಗೋಡೆ ಆಚೆಗೂ ಕೇಳ್ತದೆ," ಎನ್ನುತ್ತಿದ್ದರು. ನೆಂಟರು ನಗುತ್ತಿದ್ದರು. ಪಿರಿಯಾಪಟ್ಟಣದಿಂದ ಬರುವ ನಮ್ಮ ನಾದಿನಿಯಂತೂ ಅವಳನ್ನು ಎತ್ತಿಕೊಂಡು "ಅಪ್ಪಾಜಿ" ಎಂದೇ ಕರೆಯುತ್ತಿದ್ದಳು.

ನಾನು ಕೆ.ಆರ್. ನಗರದ ಕಾನ್ವೆಂಟಿನಲ್ಲಿ ಓದಿದವಳು. ಬಾಯಿ ತೆರೆದು ಕೂರುವುದು ಕೆಟ್ಟ ನಡತೆ ಎಂದು ಸಿಸ್ಟರುಗಳು ನಮಗೆ ಕಲಿಸಿದ್ದರು. ಅದನ್ನು ನಾನು ಅಷ್ಟೇ ಶ್ರದ್ಧೆಯಿಂದ ಮಗಳಿಗೆ ಕಲಿಸಿದೆ. ಗಲ್ಲದ ಕೆಳಗೆ ಒಂದು ಬೆರಳಿಂದ ಮೆಲ್ಲಗೆ ತಟ್ಟಿದರೆ ಸಾಕು, ಬಾಯಿ ಮುಚ್ಚುತ್ತಿದ್ದಳು. ಸ್ವಲ್ಪ ಹೊತ್ತಿಗೆ ಮತ್ತೆ ತೆರೆಯುತ್ತಿದ್ದಳು. ಊಟಕ್ಕೆ ಕೂತರೆ ಅರ್ಧ ಚಪಾತಿಗೆ ಮುಕ್ಕಾಲು ಗಂಟೆ. "ಬಾಯಿ ಮುಚ್ಚಿ ಅಗೀಬೇಕು ಪುಟ್ಟ," ಎನ್ನುತ್ತಿದ್ದೆ. ಎರಡು ಸಲ ಮುಚ್ಚಿ ಅಗಿದು, ನಿಲ್ಲಿಸಿ, ಬಾಯಿ ತೆರೆದು ಸುಮ್ಮನೆ ಕೂರುತ್ತಿದ್ದಳು, ಮತ್ತೆ ಎರಡು ಸಲ ಅಗಿಯುತ್ತಿದ್ದಳು. ಸೋಮಾರಿತನವೆಂದುಕೊಂಡೆ. ಬೆಳೆಯಲಿ ಎಂದು ಒಂದು ಅಳತೆ ದೊಡ್ಡ ಶೂ ಕೊಂಡು ತುದಿಗೆ ಹತ್ತಿ ತುರುಕಿದ್ದೆ. ಎರಡು ಜೂನ್ ಕಳೆದರೂ ಆ ಹತ್ತಿ ಹೊರಗೆ ಬಂದಿರಲಿಲ್ಲ. ನಮ್ಮ ಮನೆಯಲ್ಲಿ ಅದನ್ನೂ ಹೊಗಳಿದರು, ಶೂ ಎಷ್ಟು ಚೆನ್ನಾಗಿ ಬಾಳಿಕೆ ಬಂತು ಎಂದು.

ಅವಳು ಯುಕೆಜಿಯಲ್ಲಿದ್ದಾಗ ಒಂದು ದಿನ ವ್ಯಾನ್ ಡ್ರೈವರು ಗೇಟಿನಲ್ಲಿ ನಿಂತು, "ಮೇಡಮ್ಮಾರೇ, ನಾಳೆ ಎರಡು ಗಂಟೆಗೆ ಬರ್ಬೇಕಂತೆ. ಆಯಾ ಹೇಳವ್ರೆ," ಎಂದ. ಟೀಚರು ಕರೆದರೆ ಹೋಗುವುದು ಗೊತ್ತು. ಆಯಾ ಕರೆಸುವುದೇ? ಸ್ವಲ್ಪ ಮುನಿಸಿನಲ್ಲೇ ಹೋದೆ.

ಆಯಾ ಬಾಗಿಲಲ್ಲೇ ಕಾದಿದ್ದರು. ನನ್ನ ಚಪ್ಪಲಿ ಬಿಡಿಸಿದರು. ನನ್ನ ಕೈ ಹಿಡಿದು, ಕೇಳದೆಯೇ, ಬಳೆಗಳನ್ನು ಮೇಲಕ್ಕೆ ದೂಡಿ ತಮ್ಮ ಕರ್ಚೀಫು ಕಟ್ಟಿದರು. ಒಳಗೆ ಮೂರು ಸಾಲು ಚಾಪೆ, ಕಿಟಕಿಗೆ ಹಸಿರು ಪರದೆ. ಎಲ್ಲ ಮಕ್ಕಳೂ ನಿದ್ದೆಯಲ್ಲಿ.

"ಕಣ್ ಮುಚ್ಕಳಿ," ಎಂದು ಪಿಸುಗುಟ್ಟಿದರು. "ನೋಡ್ಬ್ಯಾಡಿ. ಕೇಳಿ."

ಮುಚ್ಚಿದೆ. ಮೊದಲು ಏನೂ ಕೇಳಿಸಲಿಲ್ಲ. ಆಮೇಲೆ ಮೆಲ್ಲಗೆ, ಒಣಗಿದ ಎಲೆಗಳ ಮೇಲೆ ಗಾಳಿ ಹೋದ ಹಾಗೆ, ಮೂವತ್ತು ಮಕ್ಕಳ ಉಸಿರು. ಅದರ ನಡುವೆ ಒಂದು ಗರಗಸ. ನನ್ನ ಮಗಳದು. ಅದನ್ನು ಗುರುತಿಸಲು ನನಗೆ ಕಣ್ಣು ಬೇಕಿರಲಿಲ್ಲ. ಪ್ರತಿದಿನ ಕೇಳುತ್ತಿದ್ದ ಸದ್ದೇ, ಆದರೆ ಬೇರೆ ಮಕ್ಕಳ ಉಸಿರಿನ ಪಕ್ಕದಲ್ಲಿ ಅದನ್ನು ಒಮ್ಮೆಯೂ ಕೇಳಿರಲಿಲ್ಲ.

ಸದ್ದು ನಿಂತಿತು.

"ನಿಂತೋಯ್ತಾ? ಎಣ್ಸಿ," ಎಂದರು ಆಯಾ.

ಎಣಿಸಿದೆ. ಐದು. ಏಳು. ಒಂಬತ್ತಕ್ಕೆ ಕಣ್ಣು ಬಿಟ್ಟೆ. ಇಂಚರ ಕತ್ತನ್ನು ಹಿಂದಕ್ಕೆ ಬಾಗಿಸಿ, ಗಲ್ಲ ಚಾವಣಿಗೆ ಮಾಡಿ ಮಲಗಿದ್ದಳು. ಎದೆ ಎಳೆಯುತ್ತಿತ್ತು, ಗಂಟಲ ಕೆಳಗಿನ ಗುಳಿ ಒಳಕ್ಕೆ ಹೋಗುತ್ತಿತ್ತು, ಗಾಳಿ ಮಾತ್ರ ಹೋಗುತ್ತಿರಲಿಲ್ಲ. ಆಮೇಲೆ ನೀರಿನಿಂದ ಮೇಲೆ ಬಂದವಳ ಹಾಗೆ ಒಂದು ಸಲ ಉಸಿರೆಳೆದು, ಮಗ್ಗುಲಾಗಿ, ಮತ್ತೆ ಗರಗಸ ಶುರುಮಾಡಿದಳು. ಅವಳ ಕೂದಲು ಬೆವರಿಗೆ ಅಂಟಿತ್ತು. ಪಕ್ಕದ ಮಗುವಿನ ಕೂದಲು ಒಣಗಿತ್ತು.

ಹೊರಗೆ ಬಂದ ಮೇಲೆ ನನ್ನ ಬಾಯಿಂದ ಬಂದದ್ದು ಮನೆಯಲ್ಲಿ ಕಲಿತ ಪಾಠವೇ. "ಅದು ಅವಳ ತಾತನದು ಆಯಾ. ಮುಖ, ಗೊರಕೆ ಎಲ್ಲ ಅವರ ಹಾಗೇ. ಮನೆತನದ್ದು."

ಆಯಾ ಬಾಯೊಳಗಿನ ಅಡಿಕೆಯನ್ನು ಒಂದು ಕೆನ್ನೆಯಿಂದ ಇನ್ನೊಂದಕ್ಕೆ ದಾಟಿಸಿದರು. "ಈ ಮೊಕದ್ ಮಕ್ಳ ನಾನು ಇಲ್ಲಿ ವಸಿ ಜನ ನೋಡಿವ್ನಿ ಕಣವ್ವ. ಒಂದು ಕೂಸು ಪೋಲೀಸ್ನೋರ ಮನೇದು, ಬಿಜಾಪುರದ ಕಡೆಯೋರು. ಒಂದು ಬೇಕರಿಯೋರ್ದು, ಕೇರಳದಿಂದ ಬಂದಿದ್ರು. ಇನ್ನೊಂದು ಸಾಬ್ರುದು, ಎಚ್.ಡಿ. ಕೋಟೆಯಿಂದ ಬತ್ತಿತ್ತು. ನಿಮ್ಮದೂ ಸೇರಿ ನಾಕೂ ಒಂದೇ ಮೊಕ, ಒಂದೇ ಗೊರಕೆ. ಅವೆಲ್ಲಾ ನಿಮ್ಮ ಮಾವ್ನೋರ ಮೊಮ್ಮಕ್ಳಾ?"

ನನ್ನ ಮುಖ ಬಿಸಿಯಾಯಿತು. ಸತ್ತು ಹತ್ತು ವರ್ಷವಾದ ಗೌರವಸ್ಥರ ಬಗ್ಗೆ ಆಡುವ ಮಾತೇ ಇದು? ನನ್ನ ಸಿಟ್ಟು ಅವರಿಗೆ ಕಂಡಿರಬೇಕು, ಆದರೂ ನಿಲ್ಲಿಸಲಿಲ್ಲ.

"ಗಲ್ಲ ತಟ್ಟಿ ಬಾಯಿ ಮುಚ್ಚಿಸ್ತೀರಂತೆ. ಕೂಸು ಯೋಳ್ತು. ಮೂಗು ಕಟ್ಟೈತೆ, ಬಾಯೂ ಮುಚ್ಚುಸ್ಬುಟ್ರೆ ಅದು ಎಲ್ಲಿಂದ ಉಸ್ರಾಡ್ಬೇಕು, ಯೋಳಿ."

ಕರ್ಚೀಫು ಬಿಚ್ಚಿ ಕೊಟ್ಟು ಬಂದೆ. ಮನೆಗೆ ಬರುವ ದಾರಿಯಲ್ಲಿ ನನ್ನದೇ ಬಾಯಿ ಮುಚ್ಚಿ, ಎರಡು ಬೆರಳಲ್ಲಿ ಮೂಗು ಹಿಡಿದು ನಡೆದು ನೋಡಿದೆ. ಔಷಧಿ ಅಂಗಡಿಯಿಂದ ಬೇಕರಿಯವರೆಗೂ ಆಗಲಿಲ್ಲ.

ಹುಣಸೂರಿನ ಮಕ್ಕಳ ವೈದ್ಯರು ಅವಳ ಬಾಯಿ ತೆರೆಸಿ, ಟಾರ್ಚು ಬಿಟ್ಟು, ನನ್ನನ್ನೂ ಬಗ್ಗಿ ನೋಡಲು ಹೇಳಿದರು. ಕಿರುನಾಲಿಗೆಯ ಎರಡೂ ಕಡೆ ಹಸಿ ಅಡಿಕೆಯ ಗಾತ್ರದ ಟಾನ್ಸಿಲ್ಲುಗಳು, ನಡುವೆ ಒಂದು ಸೀಳಿನಷ್ಟು ಜಾಗ. ಮೂಗಿನ ಹಿಂದೆ ಅಡಿನಾಯ್ಡ್ ಅಂತ ಇನ್ನೊಂದು ಗಡ್ಡೆ ಇರುತ್ತದೆ, ಅದು ಇಲ್ಲಿಂದ ಕಾಣುವುದಿಲ್ಲ ಎಂದರು. ಮೊದಲು ಮೂಗಿಗೆ ಸ್ಪ್ರೇ ಕೊಟ್ಟರು. ಕೆಲವು ವಾರ ನೋಡಿದೆವು. ಹಗಲು ಸ್ವಲ್ಪ ಹಗುರಾದಳು, ನಿದ್ದೆಯಲ್ಲಿ ಅದೇ ಗರಗಸ. ಮೈಸೂರಿಗೆ ಬರೆದುಕೊಟ್ಟರು.

ಮೈಸೂರಿನ ಕಿವಿ-ಮೂಗು-ಗಂಟಲಿನ ಡಾಕ್ಟರು ನನಗಿಂತ ಚಿಕ್ಕವರು. ಎಕ್ಸ್‌ರೇ ಬೆಳಕಿಗೆ ಹಿಡಿದು, ಉಸಿರಿನ ದಾರಿಯ ಕಪ್ಪು ಗೆರೆ ಎಲ್ಲಿ ಸಪೂರವಾಗಿ ದಾರದಷ್ಟಾಗಿದೆ ಎಂದು ತೋರಿಸಿದರು. ನಾಲಿಗೆ ಅಂಗುಳಕ್ಕೆ ಒತ್ತಿಕೊಂಡಿದ್ದರೆ ಮೇಲ್ದವಡೆ ಅಗಲವಾಗಿ ಬೆಳೆಯುತ್ತದಂತೆ. ಬಾಯಿ ಸದಾ ತೆರೆದೇ ಇದ್ದರೆ ನಾಲಿಗೆ ಕೆಳಗಿಳಿಯುತ್ತದೆ, ಅಂಗುಳ ಕಿರಿದಾಗಿ ಮೇಲೇರುತ್ತದೆ, ಹಲ್ಲಿಗೆ ಜಾಗ ಸಾಲುವುದಿಲ್ಲ, ಮುಖ ಕೆಳಕ್ಕೆ ಎಳೆದ ಹಾಗೆ ಉದ್ದವಾಗುತ್ತದೆ. "ಮಕ್ಕಳು ಬೆಳೆಯೋದು ಗಾಢ ನಿದ್ದೇಲಿ. ಇವಳಿಗೆ ಆ ನಿದ್ದೇನೇ ಸಿಗ್ತಿಲ್ಲ. ಊಟ ಮಾಡೋವಾಗ ಉಸಿರಾಡ್ಬೇಕೋ ನುಂಗ್ಬೇಕೋ ಅನ್ನೋ ಜಗಳ ಬೇರೆ," ಎಂದರು.

"ಎಲ್ಲ ಮಕ್ಕಳಿಗೂ ಆಪರೇಷನ್ ಬೇಕಾ ಡಾಕ್ಟ್ರೇ?" ಎಂದೆ.

"ಬೇಡ. ಎಷ್ಟೋ ಮಕ್ಕಳಿಗೆ ದೊಡ್ಡವರಾಗ್ತಾ ತಾನಾಗೇ ಕುಗ್ಗುತ್ತೆ, ಕಾಯ್ತೀವಿ. ಉಸಿರು ನಿಲ್ತಾ ಇದ್ರೆ, ಬೆಳವಣಿಗೆ ನಿಂತಿದ್ರೆ, ಕಾಯೋದು ಸರಿಯಲ್ಲ."

ಮನೆಯಲ್ಲಿ ಹೇಳಿದಾಗ ಅತ್ತೆ ಕೈಯಲ್ಲಿದ್ದ ಹೂವಿನ ದಾರ ಕೆಳಗಿಟ್ಟರು. "ಐದು ವರ್ಷದ ಕೂಸಿನ ಗಂಟಲಿಗೆ ಕತ್ತರಿ ಹಾಕ್ಸೋದಾ? ಧ್ವನಿ ಹೋದ್ರೆ? ನಮ್ಮ ಮನೇವ್ರು ಇದೇ ಗೊರಕೇಲಿ ಅಂಗಡಿ ಕಟ್ಟಿ, ಮೂರು ಹೆಣ್ಣುಮಕ್ಕಳ ಮದ್ವೆ ಮಾಡಿದ್ರು ಕಣಮ್ಮ. ಅವರಿಗೇನಾಗಿತ್ತು?" ಯಜಮಾನರು ಅಮ್ಮನ ಮುಖ, ನನ್ನ ಮುಖ ನೋಡಿ, ಅಂಗಡಿಗೆ ಗೊಬ್ಬರದ ಲಾರಿ ಬಂದಿದೆ ಎಂದು ಹೊರಟರು. ಲಾರಿ ಬಂದಿರಲಿಲ್ಲ.

ಒಂದು ತಿಂಗಳು ಹಾಗೇ ಹೋಯಿತು. ಡಾಕ್ಟರು ಆಪರೇಷನ್ನಿಗೆ ಕೊಟ್ಟ ದಿನ ಬಂತು, ದಾಟಿತು. ಅತ್ತೆಯನ್ನು ಮೀರಿ ನಾನು ಏನೂ ಮಾಡಿದವಳಲ್ಲ. ಮಗಳ ಮಗ್ಗುಲಲ್ಲಿ ಮಲಗಿ ಎಣಿಸುವುದೊಂದೇ ನನ್ನ ಕೆಲಸವಾಯಿತು. ಒಂದು ಸಲ ಹದಿನಾಲ್ಕಕ್ಕೆ ಹೋಯಿತು. ಅವಳ ಭುಜ ಅಲುಗಿಸಿ ಎಬ್ಬಿಸಿದೆ. ಅವಳು ಕಣ್ಣುಬಿಟ್ಟು, "ಬಾಯಿ ಮುಚ್ಲಾ ಅಮ್ಮ?" ಎಂದಳು.

ಮಾರನೆಯ ದಿನ ಶಾಲೆಯ ಗೇಟಿನಲ್ಲಿ ಆಯಾ ನನ್ನನ್ನು ತಡೆದು ಏನಾಯಿತೆಂದು ಕೇಳಿದರು. ಹೇಳಿದೆ. "ಸರಿ, ಭಾನುವಾರ ಬತ್ತೀನಿ," ಎಂದರು, ನಾನು ಕರೆಯುವ ಮೊದಲೇ.

ಬಂದರು. ಚೀಲದ ತುಂಬ ಅವರೆಕಾಯಿ. ಅತ್ತೆಯ ಎದುರು ನೆಲದ ಮೇಲೆ ಕೂತು, ಮೊರ ತರಿಸಿ, ಇಬ್ಬರೂ ಕಾಯಿ ಸುಲಿಯಲು ಶುರುಮಾಡಿದರು. ಮಾವನವರ ಮೊಮ್ಮಕ್ಕಳ ಮಾತು ಎಲ್ಲಿ ಮತ್ತೆ ಬರುತ್ತದೋ ಎಂದು ನಾನು ಅಡುಗೆಮನೆಯ ಬಾಗಿಲಲ್ಲಿ ಉಸಿರು ಬಿಗಿಹಿಡಿದು ನಿಂತಿದ್ದೆ. ಅರ್ಧ ಮೊರ ತುಂಬುವವರೆಗೆ ಆಯಾ ಮಳೆ, ಸೊನೆ, ಹುಳುವಿನ ಮಾತಾಡಿದರು. ಆಮೇಲೆ ಫೋಟೊ ನೋಡಿ, "ದೊಡ್ಡೋರು ಎಂಗೆ ಮಲೀಕತಿದ್ರು ಕಣಕ್ಕ?" ಎಂದರು.

ಯಾರೂ ಕೇಳದ ಪ್ರಶ್ನೆ. ಅತ್ತೆಯ ಮುಖ ಅರಳಿತು. "ಮಲಗೋದೆಲ್ಲಿ ಬಂತು. ಆರಾಮ ಕುರ್ಚೀಲಿ ಕೂತೇ ನಿದ್ದೆ. ಹಾಸಿಗೆಗೆ ಬಂದ್ರೆ ಮೂರು ದಿಂಬು. ನಾನು ಮದ್ವೆಯಾಗಿ ಬಂದ ಮೊದಲ್ನೇ ದಿನಾನೇ ನಮ್ಮತ್ತೆ ಹೇಳಿದ್ರು, ಅವನ ತಲೆ ಕೆಳಗೆ ಇಳೀದಂಗೆ ನೋಡ್ಕೊ, ಚಿಕ್ಕಂದಿನಿಂದ್ಲೂ ಅಂಗೇ ಅಂತ."

"ಊಟ?"

"ಎಲ್ಲರೂ ಎದ್ರೂ ಅವರದು ಮುಗೀತಿರ್ಲಿಲ್ಲ. ಪಂಕ್ತೀಲಿ ಕೂತ್ರೆ ನಾಚ್ಕೊಂಡು ಅರ್ಧಕ್ಕೇ ಏಳೋರು. ಮನೇಗೆ ಬಂದು ನಾನು ಮತ್ತೆ ಬಡಿಸ್ತಿದ್ದೆ."

"ಆಳು ಎತ್ತರಿದ್ರಾ?"

"ಅಣ್ಣತಮ್ಮಂದ್ರೆಲ್ಲಾ ಆರಡಿ. ಇವರೊಬ್ಬರೇ..." ಅತ್ತೆ ನಿಲ್ಲಿಸಿದರು. ಕೈಯಲ್ಲಿದ್ದ ಕಾಯಿ ಅರ್ಧ ಸೀಳಿತ್ತು. "ಇವರೊಬ್ಬರೇ ಗಿಡ್ಡ."

ಆಯಾ ಸುಲಿಯುವುದನ್ನು ಬಿಡಲಿಲ್ಲ. ಒಳಕೋಣೆಯಲ್ಲಿ ಮಲಗಿದ್ದ ಇಂಚರಳ ಗೊರಕೆ ಹಾಲಿಗೆ ಕೇಳುತ್ತಿತ್ತು. ಅತ್ತೆ ಮೊದಲ ಸಲ ಅದನ್ನು ಕಿವಿಗೊಟ್ಟು ಕೇಳಿದ್ದನ್ನು ನಾನು ನೋಡಿದೆ. ಅದು ನಿಂತಿತು. ಅತ್ತೆ ತಲೆ ಎತ್ತಿದರು. ಎಳೆದುಕೊಂಡು ಮತ್ತೆ ಶುರುವಾಗುವವರೆಗೂ ಅವರ ಕೈ ಮೊರದ ಮೇಲೆಯೇ ನಿಂತಿತ್ತು.

"ಅಂಗಾದ್ರೆ ಅವರು ಚಿಕ್ಕೋರಿದ್ದಾಗ," ಎಂದು ಫೋಟೊದತ್ತ ನೋಡಿ ಹೇಳಿದರು, "ಅವರನ್ನ ಯಾರೂ ನೋಡ್ಲಿಲ್ಲ ಅಂತಲಾ?"

"ಆಗ ಯಾರಿಗ್ ಗೊತ್ತಿತ್ತು ಬುಡಿ ಕಣಕ್ಕ," ಎಂದರು ಆಯಾ. ಅಷ್ಟು ಮೆತ್ತಗೆ ಅವರು ದೊಡ್ಡವರ ಜೊತೆ ಮಾತಾಡಿದ್ದನ್ನು ನಾನು ಕೇಳಿದ್ದು ಅದೊಂದೇ ಸಲ.

ಅತ್ತೆ ಸೆರಗಿನಿಂದ ಮುಖ ಒರೆಸಿಕೊಂಡು ನನ್ನ ಕಡೆ ತಿರುಗಿದರು. "ಮೈಸೂರಿಗೆ ಫೋನ್ ಮಾಡಮ್ಮ. ಬೇರೆ ದಿನ ಕೊಡ್ತಾರಾ ಕೇಳು."

ಆಪರೇಷನ್ನಿಗೆ ಮುಂಚೆ ಅತ್ತೆ ಡಾಕ್ಟರನ್ನು ಕೇಳಿದ್ದು ಒಂದೇ. "ಇವಳ ಮುಖ ಬದಲಾಗ್ತದಾ?" ಡಾಕ್ಟರು ಸುಳ್ಳು ಹೇಳಲಿಲ್ಲ. ಆದದ್ದೆಲ್ಲ ಹಿಂದೆ ಹೋಗುತ್ತದೆ ಎನ್ನಲಾರೆ, ಇನ್ನು ಮುಂದಿನ ಬೆಳವಣಿಗೆ ಸರಿಯಾದ ದಾರಿ ಹಿಡಿಯಬಹುದು, ಹಲ್ಲಿನ ವೈದ್ಯರ ಸಹಾಯ ಬೇಕಾಗಬಹುದು ಎಂದರು. ಅತ್ತೆ ತಲೆಯಾಡಿಸಿದರು. ಅವರಿಗೆ ಬೇಕಿದ್ದದ್ದು ಯಾವ ಉತ್ತರವೆಂದು ನಾನು ಕೇಳಲಿಲ್ಲ.

ಮುಂದಿನದನ್ನು ಇಲ್ಲೇ ಹೇಳಿಬಿಡುತ್ತೇನೆ. ಇಂಚರ ಈಗ ಎರಡನೆಯ ಕ್ಲಾಸು. ಆ ವರ್ಷದ ಗೌರಿಹಬ್ಬದ ಹೊತ್ತಿಗೆ ಶೂವಿನ ಹತ್ತಿ ತೆಗೆದೆವು, ಸಂಕ್ರಾಂತಿಗೆ ಶೂವನ್ನೇ ಬದಲಿಸಿದೆವು. ಊಟದ ತಟ್ಟೆಯಿಂದ ಈಗ ನಮಗಿಂತ ಮೊದಲು ಏಳುತ್ತಾಳೆ, ಅದಕ್ಕೂ ನಾನು ಬೈಯುತ್ತೇನೆ. ಕಣ್ಣ ಕೆಳಗಿನ ಕಪ್ಪು ಹೋಯಿತು. ಬಾಯಿ ತೆರೆಯುವ ಅಭ್ಯಾಸ ಬಹಳ ದಿನ ಉಳಿಯಿತು, ಟಿವಿ ಮುಂದೆ ಈಗಲೂ ಉಂಟು. ಮುಂದಿನ ಹಲ್ಲಿಗೆ ದಂತವೈದ್ಯರು ಇನ್ನೆರಡು ವರ್ಷ ಬಿಟ್ಟು ತಂತಿ ಹಾಕೋಣ ಎಂದಿದ್ದಾರೆ. ಮುಖ ಪೂರಾ ಗುಂಡಗೆ ಆಗಲಿಲ್ಲ. ಒಂದು ಕಡೆಯಿಂದ ನೋಡಿದರೆ ನನ್ನ ಅಮ್ಮ, ಇನ್ನೊಂದು ಕಡೆಯಿಂದ ಮಾವನವರು. ನಾದಿನಿ ಈಗ ಅವಳನ್ನು ಹೆಸರು ಹಿಡಿದು ಕರೆಯುತ್ತಾಳೆ.

ಆಯಾ ಇದರಲ್ಲಿ ತಮ್ಮ ಪಾಲು ಕೇಳಿದವರಲ್ಲ. ನಾನು ಸೀರೆ ಕೊಡಲು ಹೋದಾಗ, "ನಂಗ್ಯಾಕೆ? ಕತ್ರಿ ಆಕ್ದೋರಿಗೆ ಕೊಡೋಗಿ," ಎಂದು ನಕ್ಕು, ಆಮೇಲೆ ಬಣ್ಣ ನೋಡಿ ಮನಸ್ಸು ಬದಲಿಸಿ ಇಸ್ಕೊಂಡರು. ಮೊಸರನ್ನದ ವಿಷಯದಲ್ಲಿ ಮಾತ್ರ ಡಾಕ್ಟರು ಹೇಳಿದರೂ ಸೋಲಲಿಲ್ಲ. ಆಪರೇಷನ್ ಆದ ಮೇಲೆ ಮಗುವಿಗೆ ಐಸ್‌ಕ್ರೀಮು ಕೊಡಿ ಎಂದರೆಂದು ಕೇಳಿ, ಆ ಡಾಕ್ಟರಿಗೆ ಸ್ವಂತ ಮಕ್ಕಳಿದ್ದಾವೆಯೇ ಎಂದು ವಿಚಾರಿಸಿದರು.

ಆದರೆ ಅವರನ್ನು ನೆನೆದಾಗಲೆಲ್ಲ ನನಗೆ ಮೊದಲು ಬರುವುದು ಆಪರೇಷನ್ ಆಗಿ ಮನೆಗೆ ಬಂದ ವಾರದ ಒಂದು ಮಧ್ಯಾಹ್ನ. ಮೊದಲ ಕೆಲವು ದಿನ ಗಂಟಲ ನೋವು, ಅಳು, ನೀರು ಕುಡಿಸಲು ಹರಸಾಹಸ. ಬಾವು ಇಳಿಯುವವರೆಗೆ ನಿದ್ದೆಯಲ್ಲೂ ಒಂದಿಷ್ಟು ಸದ್ದಿತ್ತು. ಅವತ್ತು ಗಂಜಿ ಕುಡಿದು, ಎರಡು ಗಂಟೆಗೆ ಅಜ್ಜಿಯ ಮಂಚದ ಮೇಲೆ ಮಲಗಿದಳು. ನಾನು ಪಾತ್ರೆ ತೊಳೆಯುತ್ತಿದ್ದೆ. ಏನೋ ತಪ್ಪಿಹೋದಂತೆ ಅನಿಸಿತು. ನಲ್ಲಿ ನಿಲ್ಲಿಸಿದೆ. ಮನೆಯಲ್ಲಿ ಗೋಡೆ ಗಡಿಯಾರದ ಸದ್ದು ಕೇಳುತ್ತಿತ್ತು. ನಮ್ಮ ಮನೆಯ ಗಡಿಯಾರಕ್ಕೆ ಸದ್ದಿದೆ ಎಂಬುದೇ ನನಗೆ ಗೊತ್ತಿರಲಿಲ್ಲ.

ಒದ್ದೆ ಕೈಯಲ್ಲೇ ಓಡಿದೆ. ಅತ್ತೆ ಆಗಲೇ ಮಂಚದ ಪಕ್ಕದಲ್ಲಿ ನಿಂತು ಅವಳ ಮೂಗಿನ ಕೆಳಗೆ ಬೆರಳು ಹಿಡಿದಿದ್ದರು. "ಏನೂ ಕೇಳಿಸ್ತಿಲ್ಲ ಕಣಮ್ಮ," ಎಂದರು. ಬೆರಳಿಗೆ ಬಿಸಿ ತಾಗುತ್ತಿದೆಯೋ ಇಲ್ಲವೋ ಎಂದು ಇಬ್ಬರಿಗೂ ನಂಬಿಕೆ ಬರಲಿಲ್ಲ, ನನ್ನ ಬೆರಳಂತೂ ಒದ್ದೆಯಾಗಿತ್ತು. ಡಾಕ್ಟರ ನಂಬರು ಎಲ್ಲೋ ಚೀಟಿಯಲ್ಲಿತ್ತು. ನೆನಪಿದ್ದದ್ದು ಆಯಾರ ನಂಬರು. ಅವರ ಕೋಣೆಯಲ್ಲೂ ಆಗ ನಿದ್ದೆಯ ಹೊತ್ತು, ಫೋನು ಎತ್ತುವುದಿಲ್ಲವೆಂದು ಗೊತ್ತಿದ್ದೂ ಮಾಡಿದೆ. ಎತ್ತಿದರು.

"ಯೋಳಿ," ಎಂದರು ಪಿಸುದನಿಯಲ್ಲಿ.

"ಸದ್ದೇ ಇಲ್ಲ ಆಯಾ. ಗೊರಕೆ ಇಲ್ಲ, ಏನೂ ಇಲ್ಲ."

"ತುಟಿ ಎಂಗೈತೆ?"

ನೋಡಿದೆ. "ಕೆಂಪಗಿದೆ. ಮುಚ್ಚಿದೆ."

"ಮುಚ್ಚೈತಾ?"

"ಹೂಂ. ಮುಚ್ಚಿದೆ."

"ಒಟ್ಟೆ ಮ್ಯಾಕೇಳ್ತಾ ಐತಾ?"

ಹೊದಿಕೆ ಸರಿಸಿದೆ. ಫ್ರಾಕಿನ ಮೇಲಿನ ಹಳದಿ ಬಾತುಕೋಳಿ ನಿಧಾನಕ್ಕೆ ಏರಿತು, ನಿಧಾನಕ್ಕೆ ಇಳಿಯಿತು, ಮತ್ತೆ ಏರಿತು. ಅತ್ತೆ ಅದನ್ನೇ ನೋಡುತ್ತ ಮಂಚದ ಕಾಲು ಹಿಡಿದು ನೆಲಕ್ಕೆ ಕೂತುಬಿಟ್ಟರು.

"ಏಳ್ತಾ ಇದೆ," ಎಂದೆ.

"ಅಂಗೇ ಕಣವ್ವ ಇರೋದು, ನಿದ್ದೆ ಅಂದ್ರೆ," ಎಂದರು ಆಯಾ. "ಎಬ್ಬುಸ್ಬ್ಯಾಡಿ. ನೀವೂ ವಸಿ ಮಲೀಕಳಿ. ಎಷ್ಟ್ ದಿನಾಯ್ತೋ ಏನೋ ನೀವು ಮಲಗಿ."

ಫೋನಿಟ್ಟು ನೋಡಿದರೆ ಅತ್ತೆ ಮಂಚಕ್ಕೆ ಒರಗಿ ಆಗಲೇ ಕಣ್ಣು ಮುಚ್ಚಿದ್ದರು. ನಾನು ಕೈ ಒರೆಸಿಕೊಂಡು, ಮಗಳ ಆಚೆ ಬದಿಗೆ ಗೋಡೆಯ ಕಡೆ ಮಲಗಿದೆ. ಎಣಿಸಬೇಕೆಂದುಕೊಂಡು ಶುರುಮಾಡಿದೆ. ಎಷ್ಟರವರೆಗೆ ಎಣಿಸಿದೆನೋ ನೆನಪಿಲ್ಲ.